ಹರಿಗೋಲಿನ ವರ್ಷದ ಲೆಕ್ಕ

ವರ್ಷದ ಕೊನೆಯಲ್ಲಿ ಲೆಕ್ಕ ನೋಡದ ಮನೆ ನಮ್ಮ ನಡುವೆ ಕಡಿಮೆ. ಅಡಿಕೆ ಬೆಳೆದವನಿಗೆ ಎಷ್ಟು ಕ್ವಿಂಟಾಲು ಮಾರಿದೆನೆಂಬುದು ಗೊತ್ತು. ಹಾಲು ಹಾಕುವ ಮನೆಯಲ್ಲಿ ಸೊಸೈಟಿಯ ಪುಸ್ತಕವಿದೆ. ಬೀಡಿ ಕಟ್ಟುವ ಹೆಣ್ಣುಮಗಳ ಕೈಯಲ್ಲೂ ಎಲೆ ಎಷ್ಟು, ಹೊಗೆಸೊಪ್ಪು ಎಷ್ಟು, ಕಟ್ಟಿಕೊಟ್ಟ ಬೀಡಿ ಎಷ್ಟು ಎಂದು ಬರೆದಿಡುವ ಪಾಸುಪುಸ್ತಕವೊಂದಿರುತ್ತದೆ. ಆದರೆ ಒಬ್ಬನೇ ಕುಳಿತು ನಡೆಸುವ ಸಣ್ಣ ದೋಣಿಯಲ್ಲಿ ಮೀನು ಹಿಡಿದು ಬಾಳುವವನ ಕೈಯಲ್ಲಿ ವರ್ಷಾಂತ್ಯಕ್ಕೆ ಏನಿರುತ್ತದೆ? ಹರಕು ಬಲೆ, ತೀರದ ಸಾಲ, ಅಷ್ಟೆ. ಈ ವರ್ಷ ಹೇಗಿತ್ತೆಂದು ಕೇಳಿದರೆ "ಪರವಾಗಿಲ್ಲ" ಅಥವಾ "ಏನೂ ಇಲ್ಲ" ಎಂಬ ಎರಡೇ ಉತ್ತರ. ಈ ಎರಡು ಮಾತುಗಳ ನಡುವೆ ಒಂದು ಕಸುಬಿನ ಹಣೆಬರಹವೇ ಅಡಗಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ಹೊರದೇಶಗಳಲ್ಲಿ ಕಯಾಕ್ ಎಂಬ ಕಿರುದೋಣಿಯಲ್ಲಿ ಕುಳಿತು ಗಾಳ ಹಾಕುವ ಹವ್ಯಾಸವೊಂದು ಬೆಳೆದಿದೆ. ನಮ್ಮ ಜಿಲ್ಲೆಯ ತೆಂಕಣ ಅಂಚಿನ ಕವ್ವಾಯಿ ಹಿನ್ನೀರಿನಲ್ಲಿ ಪ್ರವಾಸಿಗರು ನಡೆಸುವ ಕಯಾಕನ್ನು ಕಂಡವರು ಓದುಗರಲ್ಲೂ ಇರಬಹುದು. ಆ ಹವ್ಯಾಸಿಗಳಲ್ಲಿ ಅನೇಕರು ವರ್ಷ ಮುಗಿದಾಗ ಕುಳಿತು ಎಷ್ಟು ದಿನ ನೀರಿಗಿಳಿದೆವು, ಯಾವ ಯಾವ ಮೀನು ಸಿಕ್ಕಿತು, ಎಷ್ಟನ್ನು ಮರಳಿ ನೀರಿಗೆ ಬಿಟ್ಟೆವು ಎಂದು ಬರೆದಿಡುತ್ತಾರೆ. ಹೊಟ್ಟೆಪಾಡಿಗಲ್ಲದೆ ಮೋಜಿಗಾಗಿ ಹಿಡಿಯುವವನಿಗೆ ಇಷ್ಟು ಕಟ್ಟುನಿಟ್ಟಿನ ಲೆಕ್ಕವಿರುವಾಗ, ಹೊಟ್ಟೆಪಾಡಿಗೆ ಹಿಡಿಯುವವನಿಗೆ ಲೆಕ್ಕವೇ ಇಲ್ಲದಿರುವುದು ವಿಚಿತ್ರವಲ್ಲವೆ? ಕಯಾಕ್ ಕೂಡ ಮೊದಲಿಗೆ ಆಟದ ದೋಣಿಯಾಗಿರಲಿಲ್ಲ. ಉತ್ತರ ಧ್ರುವದ ಕಡೆಯ ಇನ್ಯೂಟ್ ಜನರು ಮರದ ಇಲ್ಲವೆ ಎಲುಬಿನ ಹಂದರಕ್ಕೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಬೇಟೆಗಾಗಿ ಕಟ್ಟಿಕೊಂಡ ಅನ್ನದ ದೋಣಿ ಅದು.

ನಮ್ಮ ನಾಡಿನಲ್ಲಿ ಅದರ ದಾಯಾದಿ ಯಾವುದೆಂದು ಕೇಳಿದರೆ ಹರಿಗೋಲನ್ನು ತೋರಿಸಬೇಕಾಗುತ್ತದೆ. ಬಿದಿರಿನ ಬುಟ್ಟಿ ಹೆಣೆದು ಅದಕ್ಕೆ ತೊಗಲು ಹೊದಿಸಿದ ದುಂಡು ದೋಣಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯಸ್, ಜನರು ಬುಟ್ಟಿಯಂತಹ ದುಂಡನೆಯ ತೊಗಲುದೋಣಿಗಳಲ್ಲಿ ಹೊಳೆ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ಇಂದು ತೊಗಲಿನ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ, ಗೊಬ್ಬರದ ಚೀಲ, ಅದರ ಮೇಲೆ ಡಾಂಬರು ಬಂದಿವೆ. ಕೆಲವೆಡೆ ಲಾರಿಯ ಗಾಲಿಯ ಟ್ಯೂಬು, ಥರ್ಮೋಕೋಲಿನ ತೆಪ್ಪಗಳೂ ಬಂದಿವೆ. ಹೆಸರು ಏನೇ ಇರಲಿ, ಒಬ್ಬ ಮನುಷ್ಯ, ಒಂದು ಹುಟ್ಟು, ಒಂದು ಬಲೆ. ಇದೇ ಅದರ ಸಂಸಾರ.

ಈ ಹರಿಗೋಲಿನ ವರ್ಷದ ಲೆಕ್ಕವನ್ನು ನೋಡಲು ನಾವು ಆರಿಸಿಕೊಂಡಿರುವುದು ಕಡಲ ತೀರದ ಊರನ್ನಲ್ಲ. ಆಂಧ್ರಪ್ರದೇಶದ ರಾಯದುರ್ಗ ಮತ್ತು ಮಡಕಶಿರಾ ಸೀಮೆಗಳನ್ನು. ಕಾಸರಗೋಡಿನ ಓದುಗರಿಗೆ ಈ ಹೆಸರುಗಳು ಅಪರಿಚಿತವಾಗಬೇಕಿಲ್ಲ. ಬಳ್ಳಾರಿ ಜಿಲ್ಲೆಯ ತಾಲೂಕಾಗಿದ್ದ ರಾಯದುರ್ಗವು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅನಂತಪುರಕ್ಕೆ ಸೇರಿತು. ದಕ್ಷಿಣ ಕನ್ನಡದ ತಾಲೂಕಾಗಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಮಡಕಶಿರಾ ಕರ್ನಾಟಕದೊಳಗೆ ಚಾಚಿದ ನಾಲಗೆಯಂತಿರುವ ಸೀಮೆ. ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರಗಳಲ್ಲಿ ಕನ್ನಡ ಇಂದಿಗೂ ಮನೆಮಾತು. 2022ರ ಏಪ್ರಿಲಿನಲ್ಲಿ ಜಿಲ್ಲೆಗಳನ್ನು ಮರುವಿಂಗಡಿಸಿದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಗೆರೆಗಳು ಬದಲಾದವು, ಕೆರೆಗಳು ಇದ್ದಲ್ಲೇ ಇವೆ.

ಬರಗಾಲದ ನಾಡಿನಲ್ಲಿ ಮೀನೆಲ್ಲಿಂದ ಎಂದು ನಮ್ಮವರು ಕೇಳಿಯಾರು. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಅನಂತಪುರದಲ್ಲಿ ಬೀಳುವುದು 550ರ ಆಸುಪಾಸು. ಪಶ್ಚಿಮಘಟ್ಟವು ನೈರುತ್ಯ ಮಾರುತದ ಮಳೆಯನ್ನು ನಮ್ಮ ಕಡೆಗೇ ಸುರಿಸಿಬಿಡುತ್ತದೆ. ಮೂಡಣ ಕಡಲು ದೂರವಾದ್ದರಿಂದ ಹಿಂಗಾರು ಮಳೆಯೂ ಅಲ್ಲಿ ತೆಳು. ಆದುದರಿಂದಲೇ ಅಲ್ಲಿನ ಹಿರಿಯರು ಕೆರೆ ಕಟ್ಟಿದರು. ಅಮರಾಪುರದ ಬಳಿಯ ಹೇಮಾವತಿ ಎಂಬ ಹಳ್ಳಿ ಹಿಂದೆ ಹೆಂಜೇರು ಎನಿಸಿ ನೊಳಂಬರ ರಾಜಧಾನಿಯಾಗಿತ್ತು. ಕೆರೆ ಕಟ್ಟಿಸಿದವರಿಗೆ, ಕಾಪಾಡಿದವರಿಗೆ ಭೂಮಿ ಬಿಟ್ಟುಕೊಡುತ್ತಿದ್ದ ಬಿತ್ತುವಟ್ಟದ ಪದ್ಧತಿ ಕನ್ನಡ ಶಾಸನಗಳಲ್ಲಿ ಕಾಣಸಿಗುತ್ತದೆ. ಕೆರೆಯಿದ್ದಲ್ಲಿ ಮೀನು, ಮೀನಿದ್ದಲ್ಲಿ ಬೆಸ್ತ. ಬೆಸ್ತ ಎಂಬ ಮಾತು ಕನ್ನಡಕ್ಕೂ ತೆಲುಗಿಗೂ ಒಂದೇ ಆಗಿರುವುದು ಅರ್ಥಪೂರ್ಣವಾಗಿಯೇ ಇದೆ.

ನೀರು ಬಂದ ದಿನವೇ ಯುಗಾದಿ

ನಮ್ಮ ಕರಾವಳಿಯ ಮೀನುಗಾರರ ವರ್ಷ ಕಡಲನ್ನು ಅವಲಂಬಿಸಿದೆ. ಕೇರಳದಲ್ಲಿ 1988ರಿಂದ ಮಳೆಗಾಲದ ಟ್ರಾಲಿಂಗ್ ನಿಷೇಧ ನಡೆದುಬಂದಿದೆ. ಈಗ ಅದು ಜೂನ್ ಮೊದಲ ಭಾಗದಿಂದ ಜುಲೈ 31ರ ತನಕ, 52 ದಿನ. ಮಳೆ ಬಂದಾಗ ಬೋಟು ದಡ ಸೇರುತ್ತದೆ. ರಾಯದುರ್ಗದ ಕೆರೆಯಲ್ಲಿ ಇದು ತಿರುಗುಮುರುಗು. ಅಲ್ಲಿ ಮಳೆ ಬಂದರಷ್ಟೇ ಕಸುಬು ಆರಂಭ. ಜೂನ್, ಜುಲೈ ತಿಂಗಳುಗಳು ಆಕಾಶ ನೋಡುವುದರಲ್ಲೇ ಕಳೆಯುತ್ತವೆ. ಹೆಚ್ಚಿನ ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಕೆರೆಗೆ ನೀರು ಬಂದ ದಿನವೇ ಹರಿಗೋಲಿನವನ ಯುಗಾದಿ.

ನೀರು ಬಂದ ಮಾತ್ರಕ್ಕೆ ಮೀನು ಬರುವುದಿಲ್ಲ. ಇಲ್ಲಿಯೇ ಕಸುಬಿನ ಗುಟ್ಟು ಇರುವುದು. ಇಂದು ನಮ್ಮ ಕೆರೆಗಳಲ್ಲಿ ಬೆಳೆಯುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಗಂಗಾನದಿಯ ಸೀಮೆಯವು. ನಿಂತ ನೀರಿನಲ್ಲಿ ಅವು ಬೆಳೆಯುತ್ತವೆ, ಆದರೆ ಮರಿಯಿಡುವುದಿಲ್ಲ. ಅದಕ್ಕೆ ನೆರೆಯ ಹರಿವು ಬೇಕು. ಹಿಂದೆ ಮರಿಗಳನ್ನು ನದಿಗಳಲ್ಲೇ ಆಯಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಮೀನಿನ ಮಿದುಳ ಗ್ರಂಥಿಯ ರಸವನ್ನು ಚುಚ್ಚಿ ಈ ಜಾತಿಗಳನ್ನು ಕೊಳದಲ್ಲೇ ಮೊಟ್ಟೆಯಿಡಿಸಿದರು. ಅಂದಿನಿಂದ ಮರಿಸಾಕಣೆ ಕೇಂದ್ರಗಳು ಬಂದವು, ದೇಶದ ಒಣಸೀಮೆಯ ಕೆರೆಗಳಿಗೂ ಮರಿ ತಲಪಿತು. ಆ ದಿನವನ್ನು ಇಂದು ಮೀನು ಕೃಷಿಕರ ರಾಷ್ಟ್ರೀಯ ದಿನವೆಂದು ಆಚರಿಸುತ್ತಾರೆ. ಆಚರಣೆ ಒಳ್ಳೆಯದೇ. ಆದರೆ ಮರಿ ಸಮಯಕ್ಕೆ ಬಂತೆ, ಬೆರಳುದ್ದ ಬೆಳೆದ ಮರಿಯೆ ಅಥವಾ ಅಕ್ಕಿಕಾಳಿನಷ್ಟರದ್ದೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಭಾಷಣದಲ್ಲಲ್ಲ, ಮುಂದಿನ ಬೇಸಿಗೆಯ ಬಲೆಯಲ್ಲಿ.

ಲೆಕ್ಕದ ಮಾದರಿಯೊಂದನ್ನು ಇಲ್ಲಿ ಕೊಡುತ್ತೇವೆ. ಇದು ಯಾವ ಕೆರೆಯ ಅಂಕಿಯೂ ಅಲ್ಲ. ಕೆರೆಗೆ 10,000 ಮರಿ ಬಿಟ್ಟು, ಮೂರರಲ್ಲೊಂದು ಉಳಿದು, ತಲಾ ಅರ್ಧ ಕಿಲೊ ತೂಗಿದರೆ ಸಿಗುವುದು ಹದಿನಾರು ಹದಿನೇಳು ಕ್ವಿಂಟಾಲು. ಅದೇ ಮರಿ ಬೆರಳುದ್ದದ್ದಾಗಿ, ನೀರು ಬಂದ ಕೂಡಲೇ ಬಿಟ್ಟು, ಎರಡರಲ್ಲೊಂದು ಉಳಿದು, ತಲಾ ಮುಕ್ಕಾಲು ಕಿಲೊ ತೂಗಿದರೆ 37 ಕ್ವಿಂಟಾಲು ದಾಟುತ್ತದೆ. ಕೆರೆ ಅದೇ, ಬಲೆ ಅದೇ, ಮನುಷ್ಯನೂ ಅವನೇ. ಇಮ್ಮಡಿಗೂ ಮಿಕ್ಕ ಈ ವ್ಯತ್ಯಾಸ ಎಲ್ಲಿ ಆಯಿತು? ಹರಿಗೋಲಿನಲ್ಲಿ ಕುಳಿತವನ ಕೈಚಳಕದಲ್ಲಲ್ಲ. ಅವನು ಬಲೆ ಬಿಡುವ ಆರೆಂಟು ತಿಂಗಳ ಮೊದಲೇ ಆಯಿತು. ಬಿಟ್ಟ ಮರಿಯ ಲೆಕ್ಕ ಬರೆದಿಡದಿದ್ದರೆ, ಕಡಿಮೆ ಮೀನು ಸಿಕ್ಕಿದಾಗ ತಪ್ಪು ಯಾರದೆಂದು ಹೇಳಲು ಬರುವಂತಿಲ್ಲ. ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆ ಎಂಬ ಗಾದೆ ಇಂತಹುದನ್ನು ಕಂಡೇ ಹುಟ್ಟಿರಬೇಕು.

ನೀರು ಹೆಚ್ಚಾದಾಗ, ನೀರು ತಪ್ಪಿದಾಗ

ಬಾಬಾಬುಡನ್ ಗಿರಿಯ ಕಡೆ ಹುಟ್ಟುವ ವೇದಾವತಿಯು ಹಿರಿಯೂರಿನ ಬಳಿ ವಾಣಿವಿಲಾಸ ಸಾಗರದಲ್ಲಿ ತಂಗಿ, ಚಳ್ಳಕೆರೆ ಸೀಮೆಯನ್ನು ಹಾಯ್ದು, ಹಗರಿ ಎಂಬ ಹೆಸರಿನಲ್ಲಿ ರಾಯದುರ್ಗದ ಸೀಮೆಗೆ ಬರುತ್ತದೆ. ಅಲ್ಲಿ ಗುಮ್ಮಗಟ್ಟ ಮಂಡಲದಲ್ಲಿ ಭೈರವಾನಿತಿಪ್ಪ ಜಲಾಶಯ. ಮೇಲಿನ ಅಣೆಕಟ್ಟು ತುಂಬದ ವರ್ಷ ಕೆಳಗಿನದಕ್ಕೆ ಬರುವುದು ಅಲ್ಪಸ್ವಲ್ಪ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಆ ಬಳಿಕ ಕೋಡಿ ಬಿದ್ದುದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ. 2025ರ ಜನವರಿಯಲ್ಲಿ ಮತ್ತೊಮ್ಮೆ ಬಿತ್ತು. ಒಂದು ತಲೆಮಾರೇ ಕಾಣದಿದ್ದ ಹೊಳೆಯನ್ನು ಹಗರಿಯ ದಡದವರು 2022ರಲ್ಲಿ ಕಂಡರು.

ನೀರು ಹೆಚ್ಚಾದರೆ ಮೀನೂ ಹೆಚ್ಚೆಂದು ತಿಳಿದರೆ ಅದು ಅರ್ಧ ಸತ್ಯ. ಕೆರೆ ಕೋಡಿ ಬಿದ್ದಾಗ ಬಿಟ್ಟ ಮರಿಯೂ ನೀರಿನೊಂದಿಗೆ ಹೋಗುತ್ತದೆ. ಕೋಡಿಗೆ ಜಾಲರಿ ಕಟ್ಟಿದವನದು ಉಳಿಯುತ್ತದೆ, ಕಟ್ಟದವನದು ಕೆಳಗಿನ ಊರಿನ ಪಾಲು. ಹೊಳೆಯಿಂದ ಏರಿಬರುವ ಗೆಂಡೆ, ಕೊರವ, ಚೇಳುಮೀನುಗಳು ಒಂದು ಲಾಭ. ಆದರೆ ಕೊರವ ಮೀನು ಕಾಟ್ಲಾ ಮರಿಯನ್ನೇ ನುಂಗುವ ಜಾತಿ. ಹೀಗೆ ತುಂಬಿದ ಕೆರೆಯ ವರ್ಷವೂ ಲಾಭ ನಷ್ಟಗಳ ಬೆರಕೆಯೇ. ರೈತನಿಗೆ ಕೋಡಿ ಬಿದ್ದ ಕೆರೆ ಮಂಗಳಾರತಿಗೆ ತಕ್ಕುದು. ಬೆಸ್ತನು ಮಾತ್ರ ಆರತಿ ಎತ್ತುತ್ತಲೇ ಜಾಲರಿಯ ಕಡೆ ಕಣ್ಣು ಹಾಯಿಸಬೇಕು.

ಕಾಲುವೆಯ ನೀರನ್ನು ನಂಬಿದವರ ಕತೆ ಬೇರೆ. ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ ಬೊಮ್ಮನಹಾಳು, ಕಣೇಕಲ್ಲು ಕಡೆಯಿಂದ ಹಾಯುತ್ತದೆ. ಮಡಕಶಿರಾಕ್ಕೆ ಶ್ರೀಶೈಲದ ಹಿನ್ನೀರಿನಿಂದ ಎತ್ತಿ ತರುವ ಹಂದ್ರಿ-ನೀವಾ ಯೋಜನೆಯ ಶಾಖಾ ಕಾಲುವೆಯೊಂದಿದೆ. ಮಳೆಯಿಲ್ಲದೆಯೂ ನೀರು ಬಂದೀತೆಂಬ ಭರವಸೆ ಇದರಿಂದ. ಆದರೆ 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಅಣೆಕಟ್ಟಿನ 19ನೆಯ ತೂಬುಗೇಟು ಕೊಚ್ಚಿಹೋದಾಗ, ನೂರಾರು ಮೈಲಿಯ ಕಾಲುವೆಯನ್ನು ನಂಬಿದವರ ಎದೆ ಒಮ್ಮೆ ಧಸಕ್ಕೆಂದಿತು. ಕೆಲವೇ ದಿನಗಳಲ್ಲಿ ತಾತ್ಕಾಲಿಕ ತಡೆ ಕೂರಿಸಿ ನೀರನ್ನು ಉಳಿಸಿದವರ ಸಾಹಸ ಮೆಚ್ಚತಕ್ಕದ್ದೇ. ಆ ವಾರದಲ್ಲಿ ಬತ್ತದ ಗದ್ದೆಯ ಚಿಂತೆ ಎಲ್ಲ ಪತ್ರಿಕೆಗಳಲ್ಲೂ ಬಂತು, ಬರಬೇಕಾದುದೇ. ಅದೇ ನೀರಿನಲ್ಲಿ ಮರಿ ಬಿಡಲು ಕಾದು ಕುಳಿತವನೂ ಒಬ್ಬನಿದ್ದಾನೆಂಬುದು ಎಷ್ಟು ಮಂದಿಗೆ ನೆನಪಾಯಿತು?

ಬೇಸಿಗೆಯ ಕೊನೆಯ ಮೊಳ ನೀರು

ಕಾರ್ತಿಕದಿಂದ ಮಾಘದ ತನಕ ಹರಿಗೋಲಿನ ದುಡಿಮೆ ಸಾವಧಾನದ್ದು. ಸಂಜೆ ನೀರಿಗೆ ಬಲೆ ಬಿಡುವುದು, ನಸುಕಿನಲ್ಲಿ ಹೋಗಿ ಎತ್ತುವುದು. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ. ಒಂದೇ ಕೆರೆ ಮೂರು ಅಂತಸ್ತಿನ ಮನೆಯಂತೆ. ಈ ಗಡಿಯ ಊರುಗಳಲ್ಲಿ ಕಾಟ್ಲಾಕ್ಕೆ ಬೊಚ್ಚೆ, ರೋಹುವಿಗೆ ಶೀಲಾವತಿ ಎಂಬ ತೆಲುಗು ಹೆಸರುಗಳೂ ಓಡಾಡುತ್ತವೆ. 1952ರಲ್ಲಿ ಹೊರದೇಶದಿಂದ ನಮ್ಮ ದೇಶಕ್ಕೆ ಬಂದ ತಿಲಾಪಿಯಾ ಜಿಲೇಬಿ ಎಂಬ ಸಿಹಿಯಾದ ಹೆಸರು ಪಡೆದು ಕೆರೆಕೆರೆಯಲ್ಲೂ ತುಂಬಿದೆ. ಇದನ್ನು ಯಾರೂ ಬಿತ್ತಬೇಕಿಲ್ಲ; ತಾನೇ ಹೆಚ್ಚುತ್ತದೆ, ಹೆಚ್ಚಿದಷ್ಟೂ ಗಾತ್ರದಲ್ಲಿ ಕಿರಿದಾಗುತ್ತದೆ, ಬೆಲೆಯಲ್ಲೂ ಅಷ್ಟೆ.

ಶಿವರಾತ್ರಿ ಕಳೆದ ಮೇಲೆ ಕೆರೆ ಇಳಿಯತೊಡಗುತ್ತದೆ. ಆಗ ಅವಸರ ಆರಂಭ. ನೀರು ತಗ್ಗಿದಂತೆ ಬಿಸಿಯಾಗುತ್ತದೆ, ನೀರಿನಲ್ಲಿ ಮೀನಿಗೆ ಉಸಿರು ಸಾಲದು. ಇಂದು ಹಿಡಿಯದ ಮೀನು ನಾಳೆ ಸತ್ತು ತೇಲೀತು. ಆದ್ದರಿಂದ ಸೀಮೆಯ ಕೆರೆಗಳೆಲ್ಲ ಒಟ್ಟಿಗೇ ಬಲೆಗೆ ಸಿಗುತ್ತವೆ. ಮೀನೆಲ್ಲ ಒಟ್ಟಿಗೇ ಸಂತೆಗೆ ಬೀಳುತ್ತದೆ. ಬೆಲೆಯೂ ಒಟ್ಟಿಗೇ ಕುಸಿಯುತ್ತದೆ. ಬಲೆಗೆ, ಮರಿಗೆ ಮುಂಗಡ ಕೊಟ್ಟ ವ್ಯಾಪಾರಿಯಿದ್ದರೆ ಆತ ಬೆಲೆಯನ್ನು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ ಹಿಂದೆಯೇ ಗೊತ್ತುಮಾಡಿರುತ್ತಾನೆ. ಇಡೀ ವರ್ಷದ ಹಿಡಿತದಲ್ಲಿ ದೊಡ್ಡ ಪಾಲು ಬರುವ ಈ ಕೆಲವು ವಾರಗಳಲ್ಲೇ ಹಿಡಿದವನ ಕೈ ಅತ್ಯಂತ ಬಡವಾಗಿರುವುದು.

ಇದಕ್ಕೆ ಪರಿಹಾರವಿಲ್ಲವೆ? ಇದೆ. ಕೆರೆಯ ಕೊನೆಯ ಮೊಳ ನೀರನ್ನು ತೂಬಿನಿಂದಾಗಲಿ ಪಂಪಿನಿಂದಾಗಲಿ ಹೊರಗೆಳೆಯದೆ ಬಿಡುವುದು. ಆ ನೀರು ಮೀನಿಗೆ ಎರಡು ತಿಂಗಳ ಆಯುಸ್ಸು, ಹಿಡಿಯುವವನಿಗೆ ಬೆಲೆಗಾಗಿ ಕಾಯುವ ಶಕ್ತಿ, ದನಕರುಗಳಿಗೆ ಕುಡಿಯುವ ನೀರು, ಊರ ಬಾವಿಗೆ ಒರತೆ. ರೈತನು ಒಣಗುವ ಬೆಳೆಯ ಮುಂದೆ ನಿಂತಿರುವಾಗ ಅವನನ್ನು ದೂರುವುದು ನ್ಯಾಯವಲ್ಲ. ಆದರೆ ಎಷ್ಟು ನೀರು ಬಿಟ್ಟರೆ ಎಷ್ಟು ಮೀನು ಉಳಿಯಿತೆಂದು ತೋರಿಸುವ ಲೆಕ್ಕ ಊರಿನ ಮುಂದಿದ್ದರೆ, ಮಾತು ಜಗಳವಾಗದೆ ಪಂಚಾಯಿತಿಯಾಗುತ್ತದೆ. ತಮಿಳುನಾಡಿನ ಹಳೆಯ ಶಾಸನಗಳಲ್ಲಿ ಕೆರೆಯ ಮೀನಿನ ಹುಟ್ಟುವಳಿಯನ್ನು ಅದೇ ಕೆರೆಯ ಹೂಳೆತ್ತಲು ಬಳಸಿದ ಉಲ್ಲೇಖಗಳಿವೆ. ಮೀನಿನ ಹಣ ಕೆರೆಗೆ, ಕೆರೆಯ ನೀರು ಹೊಲಕ್ಕೆ. ಹೀಗೆ ಕೊಟ್ಟುಕೊಂಡರೆ ರೈತ ಬೆಸ್ತರಿಬ್ಬರಿಗೂ ಲಾಭ. ಹಿರಿಯರಿಗೆ ತಿಳಿದಿದ್ದ ಈ ಸರಳ ಸಂಗತಿ ನಮಗೆ ಮರೆತದ್ದೇಕೆ?

ಲೆಕ್ಕವಿಲ್ಲದ ನಷ್ಟ

ಇನ್ನು ನಾವು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇವೆ. ಕಡಲಿನ ಮೀನಿಗೆ ಲೆಕ್ಕವಿದೆ. 1947ರಲ್ಲಿ ಸ್ಥಾಪಿತವಾಗಿ ಈಗ ಕೊಚ್ಚಿಯಲ್ಲಿರುವ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾಲಯದವರು ಬಂದರುಗಳಲ್ಲಿ ಇಳಿಯುವ ಮೀನನ್ನು ದಶಕಗಳಿಂದ ಅಂದಾಜಿಸುತ್ತ ಬಂದಿದ್ದಾರೆ. 2012ರಲ್ಲಿ ಕೇರಳದಲ್ಲಿ 3,90,000 ಟನ್ನಿನ ಆಸುಪಾಸು ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಇಳಿಯಿತೆಂಬುದು ನಮಗೆ ಗೊತ್ತಾದುದು ಆ ಲೆಕ್ಕದಿಂದಲೇ. ನಮ್ಮ ಅಡುಗೆಮನೆಗಳಿಗೆ ಬೂತಾಯಿ ಬಾರದ ದಿನಗಳ ಕಾರಣವನ್ನು ಕುರಿತು ಸಭೆಗಳಾದವು, ಚರ್ಚೆಗಳಾದವು, ಸಣ್ಣ ಮೀನು ಹಿಡಿಯಬಾರದೆಂಬ ಕಟ್ಟಳೆಗೆ ಬಲ ಬಂತು. ಅಂಕಿ ಇದ್ದುದರಿಂದ ಅಳಲಿಗೆ ದನಿ ಬಂತು.

ಕೆರೆಯ ಮೀನಿಗೂ ದೊಡ್ಡ ಅಂಕಿ ಇಲ್ಲದಿಲ್ಲ. 2022-23ರಲ್ಲಿ ದೇಶದ ಒಟ್ಟು ಮೀನು ಉತ್ಪತ್ತಿ 175 ಲಕ್ಷ ಟನ್ನು. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಒಳನಾಡಿನ ನೀರಿನದು. ರಾಜ್ಯಗಳಲ್ಲಿ ಮೊದಲ ಸ್ಥಾನ ಆಂಧ್ರಪ್ರದೇಶಕ್ಕೆ. ಆದರೆ ಈ ಹೆಗ್ಗಳಿಕೆಯ ಬಹುಪಾಲು ಕೃಷ್ಣಾ, ಗೋದಾವರಿಗಳ ಬಯಲಿನಲ್ಲಿ ಕೊಲ್ಲೇರಿನ ಸುತ್ತ ತೋಡಿದ ಕೊಳಗಳದು. ಆ ಮೀನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಲಾರಿಯೇರಿ ಬಂಗಾಳ, ಅಸ್ಸಾಮುಗಳಿಗೆ ಹೋಗುತ್ತದೆ. ಆ ದೊಡ್ಡ ಅಂಕಿಯ ನೆರಳಿನಲ್ಲಿ ರಾಯದುರ್ಗದ ಹರಿಗೋಲು ಕಾಣುವುದೇ ಇಲ್ಲ. ರಾಜ್ಯದ ಅಂಕಿ ಏರಿದ ವರ್ಷವೇ ಅಲ್ಲಿನ ಕೆರೆ ಬಿರುಕು ಬಿಟ್ಟಿದ್ದರೂ ಕೇಳುವವರಿಲ್ಲ.

ಇದರ ಪರಿಣಾಮವನ್ನು ನೋಡಿರಿ. ಮೂಡಣ ಕಡಲಿನಲ್ಲಿ ಏಪ್ರಿಲ್ 15ರಿಂದ 61 ದಿನ ಬೋಟುಗಳಿಗೆ ನಿಷೇಧವಿರುವಾಗ ಆಂಧ್ರ ಸರಕಾರವು ಕಡಲಿನ ಬೆಸ್ತರ ಕುಟುಂಬಕ್ಕೆ ನೆರವಿನ ಹಣ ಕೊಡುತ್ತದೆ. 2025ರಲ್ಲಿ ಅದನ್ನು 20,000 ರೂಪಾಯಿಗೆ ಏರಿಸಿತು. ಇದು ಸರಿಯಾದ ಕ್ರಮ, ನಾವು ಇದನ್ನು ಸ್ವಾಗತಿಸುತ್ತೇವೆ. ಆದರೆ ಕಡಲಿಗೆ ನಿಷೇಧ 61 ದಿನವಾದರೆ, ಒಣಗಿದ ಕೆರೆಗೆ ಮಳೆದೇವರೇ ಹಾಕುವ ನಿಷೇಧ ಒಮ್ಮೊಮ್ಮೆ ವರ್ಷವಿಡೀ. ಆ ವರ್ಷ ಹರಿಗೋಲು ಮನೆಯ ಜಗಲಿಯಲ್ಲಿ ಮಗುಚಿ ಬಿದ್ದಿರುತ್ತದೆ. ಮಕ್ಕಳು ರಾಯದುರ್ಗದ ಜೀನ್ಸ್ ಹೊಲಿಗೆಯ ಯಂತ್ರಕ್ಕೋ ಬೆಂಗಳೂರಿನ ಕಟ್ಟಡಕ್ಕೋ ಹೋಗುತ್ತಾರೆ. ಬೆಳೆ ಒಣಗಿದರೆ ಎಕರೆಗೆ ಎಷ್ಟು ನಷ್ಟವೆಂದು ಅಳೆಯುವ ಪದ್ಧತಿಯಿದೆ. ಮೀನು ಬಾರದ ಕೆರೆಯ ನಷ್ಟವನ್ನು ಅಳೆಯಬೇಕಾದರೆ ನೀರಿದ್ದ ವರ್ಷ ಎಷ್ಟು ಬಂದಿತ್ತೆಂದು ಮೊದಲು ತಿಳಿದಿರಬೇಕು. ಹಿಡಿದುದನ್ನು ಬರೆಯದವನು ಕಳೆದುಕೊಂಡುದನ್ನು ತೋರಿಸುವುದು ಹೇಗೆ? ಕಸುಬಿನ ಮೇಲೆ ಸತ್ತ ಮೀನುಗಾರನ ಮನೆಯವರಿಗೆ ಕೇಂದ್ರದ ಮತ್ಸ್ಯ ಸಂಪದ ಯೋಜನೆಯಲ್ಲಿ 5 ಲಕ್ಷ ರೂಪಾಯಿಯ ಅಪಘಾತ ವಿಮೆಯುಂಟು. ಅದಕ್ಕೂ ಆತ ಮೀನುಗಾರನೇ ಹೌದೆಂಬ ದಾಖಲೆ ಬೇಕಷ್ಟೆ.

ಇಲ್ಲಿ ಒಂದು ಆಕ್ಷೇಪ ಬರುವುದುಂಟು. ಹಿಡಿದುದನ್ನೆಲ್ಲ ಬರೆದು ತೋರಿಸಿದರೆ ಮುಂದಿನ ಸಲ ಕೆರೆಯ ಗುತ್ತಿಗೆಯ ಹಣ ಏರಿಸುತ್ತಾರೆ, ಸಾಲ ಕೊಟ್ಟವನು ಬಾಗಿಲಿಗೆ ಬರುತ್ತಾನೆ, ಆದುದರಿಂದ ಬರೆಯದಿರುವುದೇ ಕ್ಷೇಮ ಎಂಬುದು ಬಡವರ ಲೆಕ್ಕಾಚಾರ. ಇದನ್ನು ಮೂಢತನವೆಂದು ನಾವು ತಳ್ಳಿಹಾಕುವುದಿಲ್ಲ. ಅನುಭವದಿಂದ ಬಂದ ಹೆದರಿಕೆ ಅದು. ಹಾಗೆಂದೇ ಈ ಪುಸ್ತಕ ಕಚೇರಿಯದಾಗದೆ ಬೆಸ್ತರ ಸಹಕಾರ ಸಂಘದ್ದಾಗಬೇಕು. ಬರೆದಿಟ್ಟ ಕೀಲಿ ಅವರ ಕೈಯಲ್ಲಿರಬೇಕು. ಗುತ್ತಿಗೆಯನ್ನು ಒಂದು ಒಳ್ಳೆಯ ವರ್ಷದ ಹಿಡಿತ ನೋಡಿ ಏರಿಸದೆ, ನಾಲ್ಕೈದು ವರ್ಷಗಳ ಸರಾಸರಿ ನೋಡಿ ಗೊತ್ತುಮಾಡಬೇಕು. ಒಣ ವರ್ಷದಲ್ಲಿ ಗುತ್ತಿಗೆ ಬಿಟ್ಟುಕೊಡಬೇಕು. ಲೆಕ್ಕವಿಲ್ಲದಿದ್ದರೆ ಈ ಮಾತನ್ನು ಕೇಳುವ ಬಾಯಿಯೇ ಇಲ್ಲ. ಬರೆಯದೆ ಉಳಿಸಿಕೊಂಡದ್ದು ನಾಲ್ಕು ಕಾಸು, ಕಳೆದುಕೊಂಡದ್ದು ಕೇಳುವ ಹಕ್ಕು.

ಆ ಪುಸ್ತಕದಲ್ಲಿ ಬರೆಯಬೇಕಾದುದಾದರೂ ಹೆಚ್ಚೇನಿಲ್ಲ. ಕೆರೆಗೆ ನೀರು ಬಂದ ದಿನ, ಬಿಟ್ಟ ಮರಿಯ ಸಂಖ್ಯೆ ಮತ್ತು ಉದ್ದ, ಹರಿಗೋಲು ಇಳಿದ ದಿನಗಳು, ಜಾತಿವಾರು ಸಿಕ್ಕ ಮೀನಿನ ತೂಕ, ಸಂತೆಯಲ್ಲಿ ಬಂದ ಬೆಲೆ, ನೀರು ಬತ್ತಿದ ದಿನ. ಆರು ಕಲಮು, ವಾರಕ್ಕೊಂದು ಸಾಲು. ಓದಿದ ಮಗನೋ ಮಗಳೋ ಇರುವ ಯಾವ ಮನೆಯಲ್ಲೂ ಇದು ಕಷ್ಟವಲ್ಲ.

ಯಾವ ಭಾಷೆಯಲ್ಲಿ ಬರೆಯಬೇಕು? ತನಗೆ ಬರುವ ಭಾಷೆಯಲ್ಲಿ. ರೊಳ್ಳದ ಅಥವಾ ಡಿ. ಹಿರೇಹಾಳಿನ ಕನ್ನಡ ಶಾಲೆಯಲ್ಲಿ ಕಲಿತ ಹುಡುಗ ಅಪ್ಪನ ಮೀನಿನ ಲೆಕ್ಕವನ್ನು ಕನ್ನಡದಲ್ಲಿ ಬರೆದರೆ ಅದು ದಾಖಲೆಯಲ್ಲವೆನ್ನಲು ಯಾರಿಗೂ ಅಧಿಕಾರವಿರಬಾರದು. ಸಂವಿಧಾನದ 350ನೆಯ ವಿಧಿಯು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ತನ್ನ ಅಹವಾಲನ್ನು ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಅಲ್ಪಸಂಖ್ಯಾತ ಭಾಷೆಯವರು ಶೇಕಡಾ 15ರಿಂದ 20ರಷ್ಟಿರುವ ತಾಲೂಕುಗಳಲ್ಲಿ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲೂ ಬರಬೇಕೆಂದು 1956ರಲ್ಲೇ ಕೇಂದ್ರ ಸರಕಾರ ಹೇಳಿತ್ತು. ಮರಿ ಹಂಚಿಕೆಯ ದಿನ, ಗುತ್ತಿಗೆಯ ಶರತ್ತು, ವಿಮೆಯ ಅರ್ಜಿ ಇವು ತೆಲುಗಿನ ಜೊತೆಗೆ ಕನ್ನಡದಲ್ಲೂ ಬಂದರೆ ತೆಲುಗಿಗೆ ಕುಂದಿಲ್ಲ, ಬೆಸ್ತನಿಗೆ ಮಾತ್ರ ಲಾಭವಿದೆ. ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟೊತ್ತುವ ಕಷ್ಟವನ್ನು ಕಾಸರಗೋಡಿನವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿಯವರಿಗೆ ಬುದ್ಧಿ ಹೇಳಿ ನಾವು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಚಂದ್ರಗಿರಿ, ಮೊಗ್ರಾಲು, ಶಿರಿಯ, ಉಪ್ಪಳ ಹೊಳೆಗಳಲ್ಲಿ ಸಣ್ಣ ದೋಣಿಯಲ್ಲಿ ಬೀಸುಬಲೆ ಹಿಡಿದು ಹೋಗುವವರು, ಅಳಿವೆಯಲ್ಲಿ ಮರುವಾಯಿ ಹೆಕ್ಕುವವರು ನಮ್ಮ ನಡುವೆಯೂ ಇದ್ದಾರೆ. ಬಂದರಿನಲ್ಲಿ ಇಳಿಯುವ ಮೀನಿಗೆ ಸಿಗುವ ಲೆಕ್ಕ ಇವರ ಬುಟ್ಟಿಗೆ ಸಿಗುವುದಿಲ್ಲ. ಹೊಳೆಯ ಮರಳು ತೆಗೆದಾಗ, ಹಿನ್ನೀರಿಗೆ ಕೊಳಚೆ ಬಂದಾಗ, ಮೊದಲಿಗಿಂತ ಮೀನು ಕಡಿಮೆಯಾಯಿತೆಂದು ಇವರು ಹೇಳಿದರೆ, ಎಷ್ಟಿತ್ತು ಎಷ್ಟಾಯಿತು ಎಂದು ಅಧಿಕಾರಿಗಳು ಕೇಳುತ್ತಾರೆ. ಆಗ ಉತ್ತರವಿಲ್ಲ. ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿ ಫಲವೇನು?

ಹರಿಗೋಲಿನವನಿಗೂ ಹೊಳೆಯ ದೋಣಿಯವನಿಗೂ ಈ ಹೊಸ ವರ್ಷದಲ್ಲಿ ಬೇಕಾಗಿರುವುದು ದೊಡ್ಡ ಯೋಜನೆಯಲ್ಲ. ಸಮಯಕ್ಕೆ ಬೆರಳುದ್ದದ ಮರಿ, ಕೋಡಿಗೊಂದು ಜಾಲರಿ, ಬೇಸಿಗೆಗೆ ಒಂದು ಮೊಳ ನೀರು, ಮನೆಯಲ್ಲಿ ಒಂದು ನೋಟುಪುಸ್ತಕ. ಮೊದಲ ಮೂರಕ್ಕೆ ಇಲಾಖೆ, ಪಂಚಾಯಿತಿ, ರೈತರು ಮನಸ್ಸು ಮಾಡಬೇಕು. ನಾಲ್ಕನೆಯದಕ್ಕೆ ಹತ್ತಿಪ್ಪತ್ತು ರೂಪಾಯಿ ಸಾಕು. ಮೀನುಗಾರರ ಸಂಘಗಳೂ ಊರಿನ ಕನ್ನಡ ಶಾಲೆಗಳ ಅಧ್ಯಾಪಕರೂ ಕೈಜೋಡಿಸಿ ಮುಂದಿನ ಮಳೆಗಾಲಕ್ಕೆ ಮುಂಚೆಯೇ ಮೊದಲ ಪುಟವನ್ನು ಬರೆಯಿಸುವರೆಂದು ನಾವು ನಂಬಿದ್ದೇವೆ.